ಹಡಗು ಹತ್ತುವ ಮುನ್ನ

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೋಶ ಓದಿಸುವುದು ನಮ್ಮಂಥ ಶಿಕ್ಷಕರ ಕೆಲಸವಾದರೆ, ದೇಶ ಸುತ್ತಿಸುವುದು ಮನೆಯವರ ಕೆಲಸ. ಕತಾರಿನಲ್ಲಿರುವ ನಮಗೆ ದೇಶ ಸುತ್ತುವುದೆಂದರೆ ಹೆಚ್ಚಾಗಿ ಬೇಸಿಗೆ ರಜೆಯಲ್ಲಿ ಊರಿನ ವಿಮಾನ ಹತ್ತುವುದು. ಆದರೆ ನಾವು ಒಮ್ಮೆ ಹಡಗಿನಲ್ಲಿ ಪ್ರವಾಸ ಹೋಗಿ ಬಂದ ಮೇಲೆ, “ಟೀಚರ್, ಏನೇನು ತಯಾರಿ ಮಾಡಿಕೊಳ್ಳಬೇಕು?” ಎಂದು ಹಲವು ಪಾಲಕರು ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಡಗಿಗೂ ಗಲ್ಫ್‌ನ ಭಾರತೀಯರಿಗೂ ಇರುವ ನಂಟು ಹೊಸದಲ್ಲ. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಮುಂಬಯಿಯಿಂದ ಗಲ್ಫ್ ಬಂದರುಗಳಿಗೆ ದಶಕಗಳ ಕಾಲ ನಮ್ಮವರನ್ನು ತಂದು ಇಳಿಸಿದವು. ಆ ಸಾಲಿನ ಕೊನೆಯ ಹಡಗು ‘ದ್ವಾರಕಾ’ 1982ರಲ್ಲಿ ಓಡಾಟ ನಿಲ್ಲಿಸಿತು. ಅಂದು ಹಡಗು ಹತ್ತಿದವರು ಹೊಟ್ಟೆಪಾಡಿಗಾಗಿ ಬಂದವರು. ಇಂದು ಅವರ ಮಕ್ಕಳು, ಮೊಮ್ಮಕ್ಕಳ ವಯಸ್ಸಿನವರು ರಜೆ ಕಳೆಯಲು ಹಡಗು ಹತ್ತುತ್ತಿದ್ದಾರೆ. ಸರಕು ಹಡಗುಗಳ ಕೆಲಸ ಹಮದ್ ಬಂದರಿಗೆ ಹೋದ ಮೇಲೆ ದೋಹಾದ ಹಳೆಯ ಬಂದರು ಪ್ರವಾಸಿ ಹಡಗುಗಳ ತಾಣವಾಯಿತು. 2022ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಪ್ರವಾಸಿ ಹಡಗುಗಳೇ ಅಲ್ಲಿ ತೇಲುವ ಹೋಟೆಲುಗಳಾಗಿ ನಿಂತಿದ್ದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ.

ಹಡಗಿನ ಪ್ರವಾಸಕ್ಕೆ ತಯಾರಿಯನ್ನು ಎಲ್ಲಿಂದ ಶುರು ಮಾಡಬೇಕು? ಬಟ್ಟೆಬರೆಯಿಂದಲ್ಲ, ಮನೆಯ ಹಿರಿಯರಿಂದ ಮತ್ತು ಚಿಕ್ಕ ಮಕ್ಕಳಿಂದ. ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಊರಿನಿಂದ ಅತ್ತೆಯವರು ಬಂದಿದ್ದಾಗ ಎಲ್ಲರೂ ಸೇರಿ ಹೋಗೋಣವೆಂದು ಯೋಚಿಸಿದೆವು. ಹಣ ಕಟ್ಟುವ ಮುನ್ನ ನನ್ನ ಪತಿ ಎಲ್ಲರ ಕಾಗದಪತ್ರಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ಓದಿದರು. ಅತ್ತೆಯವರ ವೀಸಾ ಒಂದೇ ಬಾರಿಯ ಪ್ರವೇಶಕ್ಕಿದ್ದದ್ದು. ಹಡಗು ಕತಾರ್ ದಾಟಿತೆಂದರೆ ಆ ವೀಸಾ ಮುಗಿದಂತೆ. ಮರಳಿ ದೋಹಾಕ್ಕೆ ಬಂದಾಗ ಅವರು ಒಳಗೆ ಬರುವಂತಿರಲಿಲ್ಲ. “ನನ್ನಿಂದ ಮಕ್ಕಳ ಸಂತೋಷ ಕೆಡುವುದು ಬೇಡ, ನೀವು ಹೋಗಿ ಬನ್ನಿ, ನಾನು ಮನೆಯಲ್ಲಿರುತ್ತೇನೆ” ಎಂದು ಅತ್ತೆ ಹೇಳಿದರು. “ಅಜ್ಜಿ ಇಲ್ಲದಿದ್ದರೆ ನಾನೂ ಬರುವುದಿಲ್ಲ” ಎಂದಳು ಮಗಳು. ಆ ವರ್ಷ ಪ್ರವಾಸ ನಿಂತಿತು. ಮರುವರ್ಷ ದುಬೈಯಿಂದ ಹೊರಡುವ ಹಡಗನ್ನು ಆರಿಸಿ, ಅತ್ತೆಯವರಿಗೆ ಹಲವು ಬಾರಿ ಪ್ರವೇಶವಿರುವ ವೀಸಾ ಮಾಡಿಸಿ, ಮಂಗಳೂರಿನಿಂದ ನೇರವಾಗಿ ಅಲ್ಲಿಗೇ ಕರೆಸಿಕೊಂಡೆವು. ಒಂದು ವರ್ಷ ಕಾದದ್ದಕ್ಕೆ ಯಾರಿಗೂ ಬೇಸರವಾಗಲಿಲ್ಲ.

ಆದ್ದರಿಂದ ಪಾಲಕರಲ್ಲಿ ನನ್ನ ಮೊದಲ ವಿನಂತಿ ಇದು: ಹಡಗು ಹೋಟೆಲಿನಂತೆ ಕಂಡರೂ ಅದು ನಿಲ್ಲುವ ಒಂದೊಂದು ಬಂದರೂ ಒಂದು ಗಡಿಯೇ. ಮಾರ್ಗದಲ್ಲಿರುವ ಪ್ರತಿಯೊಂದು ದೇಶಕ್ಕೂ ಯಾರಿಗೆ ಯಾವ ವೀಸಾ ಬೇಕೆಂದು ಹಡಗಿನ ಕಂಪನಿಯಿಂದ ಬರಹದಲ್ಲಿಯೇ ಕೇಳಿ ಪಡೆಯಿರಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ನಮ್ಮ ಪಾಸ್‌ಪೋರ್ಟ್ ಹತ್ತು ವರ್ಷದ್ದು, ಮಕ್ಕಳದ್ದು ಸಾಮಾನ್ಯವಾಗಿ ಐದೇ ವರ್ಷದ್ದು ಎಂಬುದು ನೆನಪಿರಲಿ. ಕತಾರ್ ಐಡಿಯ ಅವಧಿಯನ್ನೂ ನೋಡಿಕೊಳ್ಳಿ.

ಎರಡನೆಯದು ಕೈಚೀಲ. ಬಂದರಿನಲ್ಲಿ ದೊಡ್ಡ ಸೂಟ್‌ಕೇಸುಗಳನ್ನು ನಮ್ಮಿಂದ ತೆಗೆದುಕೊಳ್ಳುತ್ತಾರೆ. ಅವು ಕೋಣೆಗೆ ಬಂದು ಸೇರಲು ಕೆಲವು ಗಂಟೆಗಳೇ ಆಗಬಹುದು. ಪಾಸ್‌ಪೋರ್ಟ್, ಔಷಧಿ, ವೈದ್ಯರ ಚೀಟಿ, ಮಕ್ಕಳಿಗೆ ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಲಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ಮೂರು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ.

ಏನನ್ನು ಒಯ್ಯಬಾರದು ಎಂಬುದೂ ಮುಖ್ಯ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯವಿಲ್ಲ. ಹಾಗಾಗಿ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ರೈಸ್ ಕುಕ್ಕರ್, ಮೇಣದ ಬತ್ತಿಗಳನ್ನು ಹಡಗಿನಲ್ಲಿ ಬಿಡುವುದಿಲ್ಲ. ದೇವರ ಮುಂದೆ ಊದುಬತ್ತಿ ಹಚ್ಚುವ ಅಭ್ಯಾಸವಿರುವವರು ಆ ಕೆಲವು ದಿನ ಕೈಮುಗಿದರೆ ಸಾಕು! ಇನ್ನೊಂದು ಎಚ್ಚರಿಕೆ: ನಮ್ಮ ಪಾಯಸದ, ಮಸಾಲೆಯ ಗಸಗಸೆ ಯುಎಇಯಲ್ಲಿ ನಿಷಿದ್ಧ. ಅದು ಸೇರಿರುವ ಪುಡಿಯನ್ನಾಗಲಿ, ತಿಂಡಿಯನ್ನಾಗಲಿ ಒಯ್ಯಬೇಡಿ. ಕೆಲವು ಬಲವಾದ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೂ ಗಲ್ಫ್ ದೇಶಗಳಲ್ಲಿ ನಿರ್ಬಂಧವಿದೆ, ಮೊದಲೇ ವಿಚಾರಿಸಿ. ಊಟದ ಚಿಂತೆ ಬೇಡ. ಸಸ್ಯಾಹಾರ ಬೇಕೆಂದು ಟಿಕೆಟ್ ಮಾಡಿಸುವಾಗಲೇ ತಿಳಿಸಿದರೆ ಆಯಿತು.

ಮೂರನೆಯದು ಆರೋಗ್ಯ. ಹೊಟ್ಟೆ ತೊಳಸುವವರಿಗೆ ಕೆಳ ಅಂತಸ್ತಿನ, ಹಡಗಿನ ನಡುಭಾಗದ ಕೋಣೆ ಒಳ್ಳೆಯದು. ಅಲ್ಲಿ ಓಲಾಟ ಕಡಿಮೆ. ತಲೆ ತಿರುಗಿದಾಗ ಮೊಬೈಲು, ಪುಸ್ತಕ ಬಿಟ್ಟು ಹೊರಗೆ ಬಂದು ದೂರದ ದಿಗಂತವನ್ನು ನೋಡಬೇಕು. ಅತ್ತೆಯವರು ಶುಂಠಿ ಬೆಲ್ಲದ ತುಂಡನ್ನು ಬಾಯಲ್ಲಿಟ್ಟುಕೊಂಡು ನಮಗಿಂತ ಗಟ್ಟಿಯಾಗಿದ್ದರು. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಖರ್ಚು ಬಹಳ. ಪ್ರಯಾಣದ ವಿಮೆ ಮಾಡಿಸದೆ ಹೊರಡಬೇಡಿ.

ಹಡಗು ಹತ್ತಿದ ದಿನ ಮಕ್ಕಳು ಈಜುಕೊಳಕ್ಕೆ ಓಡುವ ಮೊದಲು ಒಂದು ಪಾಠವಿದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಕಲಿಸುವ ಅಭ್ಯಾಸ ಅದು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಅದು ಕರೆ. 2012ರ ಜನವರಿ 13ರಂದು ಇಟಲಿಯ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತರು. ಅಂದು ಸಂಜೆ ಹತ್ತಿದವರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ. ಆ ದುರಂತದ ಬಳಿಕ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಇದು ನಡೆಯಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂತು. ಶಾಲೆಯ ಅಗ್ನಿಶಾಮಕ ಅಭ್ಯಾಸದಲ್ಲಿ ಸಾಲಾಗಿ ನಿಲ್ಲುವ ನಮ್ಮ ಮಕ್ಕಳು ದೊಡ್ಡವರಿಗಿಂತ ಬೇಗ ಇದನ್ನು ಕಲಿಯುತ್ತಾರೆ.

ಬಂದರಿನಲ್ಲಿ ಇಳಿದಾಗ ಗಡಿಯಾರದ ಮೇಲೆ ಕಣ್ಣಿರಲಿ. ದೋಹಾಕ್ಕಿಂತ ದುಬೈ ಒಂದು ಗಂಟೆ ಮುಂದಿದೆ. ಮೊಬೈಲು ತೋರಿಸುವ ಸಮಯವೇ ಬೇರೆ, ಹಡಗಿನ ಸಮಯವೇ ಬೇರೆ ಇರಬಹುದು. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವೊಂದು ಮನೆಯ ಯಜಮಾನರ ಕೈಯಲ್ಲಿರಲಿ. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಉಳಿದುಹೋದವರು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಸೇರಬೇಕು.

ಇನ್ನು ಹಣದ ಮಾತು. ಟಿಕೆಟ್ಟಿನ ಬೆಲೆಯೇ ಪೂರ್ತಿ ಖರ್ಚಲ್ಲ. ದಿನದ ಸೇವಾ ಶುಲ್ಕ, ತಂಪು ಪಾನೀಯ, ಇಂಟರ್‌ನೆಟ್, ಫೋಟೋ ಇವೆಲ್ಲ ಬೇರೆಯಾಗಿ ಲೆಕ್ಕಕ್ಕೆ ಬರಬಹುದು. ಹಡಗಿನ ಮೊಬೈಲ್ ಜಾಲದ ದರ ಬಹಳ ದುಬಾರಿ. ಹತ್ತಿದ ಕೂಡಲೇ ಎಲ್ಲರ ಮೊಬೈಲನ್ನೂ ವಿಮಾನದಲ್ಲಿ ಇಡುವಂತೆ ಏರೋಪ್ಲೇನ್ ಮೋಡಿನಲ್ಲಿ ಇಡಿ. ಹೀಗೆ ಮಾಡಿದ್ದರಿಂದ ನಮಗೊಂದು ಲಾಭವೂ ಆಯಿತು. ಸಂಜೆ ಹೊತ್ತು ಡೆಕ್ಕಿನ ಮೇಲೆ ಕುಳಿತು ಅಜ್ಜಿ ಕಥೆ ಹೇಳಿದರು, ಮೊಮ್ಮಕ್ಕಳು ಕೇಳಿದರು. ಮನೆಯಲ್ಲಿ ಇಷ್ಟು ಹೊತ್ತು ಅವರು ಒಟ್ಟಿಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಪ್ರವಾಸದ ಪಟ್ಟಿ ಬರೆಯುವ ಕೆಲಸವನ್ನು ಅಪ್ಪ ಅಮ್ಮನಿಂದ ನೀವೇ ಕೇಳಿ ಪಡೆಯಿರಿ. ಆ ಪಟ್ಟಿಯಲ್ಲಿ ಅಜ್ಜ ಅಜ್ಜಿಯರ ಹೆಸರು, ಅವರ ಮಾತ್ರೆ, ಅವರ ಕನ್ನಡಕ ಮೊದಲು ಬರಲಿ. ನಿಮ್ಮ ಆಟಿಕೆ ಆಮೇಲೆ. ಎಲ್ಲರ ಪ್ರಯಾಣವೂ ಸುಖಕರವಾಗಲಿ.