ದುಡ್ಡು ಮುಗಿದ ಊರಿನ ಚೆಲುವು

ಊರು ಚೆಂದ ಉಳಿಯಬೇಕಾದರೆ ಸಕಾಲಕ್ಕೆ ದುಡ್ಡು ಬರಬೇಕು, ಸಕಾಲಕ್ಕೆ ಮುಗಿಯಲೂಬೇಕು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕಡಲಿಗೆ ಮೈಚಾಚಿಕೊಂಡಿರುವ ಓಮರು ಎಂಬ ಪುಟ್ಟ ಪಟ್ಟಣಕ್ಕೆ ಈ ಎರಡೂ ಭಾಗ್ಯ ಒದಗಿತ್ತು.

ಸುತ್ತಲಿನ ಗೋಧಿ, ಉಣ್ಣೆ ಇಲ್ಲಿಂದಲೇ ಹಡಗು ಹತ್ತುತ್ತಿದ್ದ ಕಾಲವದು. 1882ರಲ್ಲಿ ನ್ಯೂಜಿಲೆಂಡಿನಿಂದ ಲಂಡನ್ನಿಗೆ ಮೊದಲ ಬಾರಿ ಹೋದ ಹೆಪ್ಪುಗಟ್ಟಿಸಿದ ಮಾಂಸವೂ ಬಹುಪಾಲು ಪಕ್ಕದ ಟೊಟಾರಾ ಎಸ್ಟೇಟಿನ ಕುರಿಗಳದ್ದೇ. ಕೈಯಲ್ಲಿ ಕಾಸು ಆಡಿದ್ದೇ ತಡ, ಊರವರು ಕಟ್ಟಿದರು ನೋಡಿ! ಬ್ಯಾಂಕು, ಹೋಟೆಲು, ಕಾಳಿನ ಗೋದಾಮು, ಎಲ್ಲಕ್ಕೂ ಕೆನೆಬಣ್ಣದ ಸುಣ್ಣಕಲ್ಲು. ನಮ್ಮ ಕರಾವಳಿಯ ಕೆಂಪುಕಲ್ಲಿನ ಹಾಗೆ ಇದೂ ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಜಾತಿ. ಗರಗಸದಲ್ಲಿ ಕೊಯ್ಯಬಹುದು, ಉಳಿಯಲ್ಲಿ ಬಳ್ಳಿ ಬಿಡಿಸಬಹುದು. ಥೇಮ್ಸ್ ಬೀದಿಯ ಬ್ಯಾಂಕುಗಳ ಮುಂದೆ ನಿಂತರೆ ಗ್ರೀಕರ ಗುಡಿಗೆ ಬಂದೆವೋ, ಸಾಲ ಕೇಳಲು ಬಂದೆವೋ ಎಂಬ ಗೊಂದಲ. ಇವುಗಳಲ್ಲಿ ಹಲವು ಫಾರೆಸ್ಟರ್ ಮತ್ತು ಲೆಮನ್ ಎಂಬ ಜೋಡಿ ವಾಸ್ತುಶಿಲ್ಪಿಗಳ ಕೈಚಳಕ.

ನನಗೆ ಹೆಚ್ಚು ಹಿಡಿಸಿದ್ದು ಬಂದರಿನ ಮಗ್ಗುಲಿನ ಹಾರ್ಬರ್ ಬೀದಿ. ಮೂಟೆ ಪೇರಿಸಲು ಕಟ್ಟಿದ ಗೋದಾಮಿಗೂ ಕಮಾನು, ಕೆತ್ತನೆ! ಗೋಧಿ ಮೂಟೆ ಇದನ್ನೆಲ್ಲ ನೋಡುತ್ತದೆಯೇ? ಈಗ ಒಳಗೆ ಪುಸ್ತಕದ ಅಂಗಡಿ, ಬೇಕರಿ.

ಆಮೇಲೆ ವ್ಯಾಪಾರ ಇಳಿಯಿತು. ಹಳೆಯದನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸುವಷ್ಟು ಹಣ ಯಾರ ಬಳಿಯೂ ಇರಲಿಲ್ಲ. 1970ರ ದಶಕದಲ್ಲಿ ಬಂದರಿನ ಹಡಗು ವ್ಯವಹಾರವೂ ನಿಂತಿತು. ಬೀದಿಗೆ ಬೀದಿಯೇ ಪಾಳುಬಿದ್ದು, ಹಾಗೆಯೇ ಉಳಿಯಿತು. 1987ರಲ್ಲಿ ಒಂದು ಟ್ರಸ್ಟ್ ಹುಟ್ಟಿ ದುರಸ್ತಿಗೆ ಕೈಹಾಕಿದಾಗ ಕಾಪಾಡಲು ಇಡೀ ಬೀದಿಯೇ ಇತ್ತು. ಪರಂಪರೆ, ಸಂರಕ್ಷಣೆ ಎಂಬ ದೊಡ್ಡ ಮಾತುಗಳೆಲ್ಲ ಆಮೇಲಿನವು. ಮೊದಲು ಕಾಪಾಡಿದ್ದು ಬಡತನ.

ಮನುಷ್ಯರು ಬಿಟ್ಟ ಜಾಗಕ್ಕೆ ಬೇರೆಯವರು ಬಂದರು. ಹಳೆಯ ಸಂಪ್ಟರ್ ಧಕ್ಕೆಯ ಹಲಗೆಗಳ ಮೇಲೆ ನೀರುಕಾಗೆಗಳ ಸಂಸಾರ. ನೂರಾರು ಹಕ್ಕಿ, ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ. ಬಂದರಿಗೆ ಕಲ್ಲು ಒಡೆಯುತ್ತಿದ್ದ ಕ್ವಾರಿ ಮುಚ್ಚಿದ ಮೇಲೆ ಅಲ್ಲಿ ನೀಲಿ ಪೆಂಗ್ವಿನ್‌ಗಳು ಗೂಡು ಹೂಡಿದವು. ಪೆಂಗ್ವಿನ್ ಕುಲದಲ್ಲೇ ಅತಿ ಚಿಕ್ಕವು. ಎತ್ತರ ಒಂದಡಿಯ ಆಸುಪಾಸು, ತೂಕ ಸುಮಾರು ಒಂದು ಕಿಲೋ. ಮಾವೊರಿಗಳು ಕೊರೊರಾ ಎನ್ನುತ್ತಾರೆ.

ಅವನ್ನು ನೋಡಲು ಕಾದು ಕೂತೆ. ಕತ್ತಲಾಗುತ್ತಲೇ ಅಲೆಯ ಮೇಲೆ ಕಪ್ಪನೆಯ ಗುಂಪೊಂದು ತೇಲಿಬಂತು. ತೆರೆ ಒಡೆದು ಹಿಂದೆ ಸರಿದಾಗ ಬಂಡೆಗಳ ಮೇಲೆ ಹತ್ತಿಪ್ಪತ್ತು ಪೆಂಗ್ವಿನ್. ಮುಂದಿನದು ಎರಡು ಹೆಜ್ಜೆ ಏರಿ ನಿಂತು, ತಿರುಗಿ ನೋಡಿ, ಮತ್ತೆ ಇಳಿಯಿತು. ಉಳಿದವೂ ಇಳಿದವು. ಅದೇನು ಚರ್ಚೆಯೋ! ಕೊನೆಗೆ ಎಲ್ಲವೂ ಮುಂದಕ್ಕೆ ಬಾಗಿ, ರೆಕ್ಕೆ ಚಾಚಿ, ಗೂಡಿನ ಪೆಟ್ಟಿಗೆಗಳತ್ತ ದೌಡಾಯಿಸಿದವು. ಅಷ್ಟು ಹೊತ್ತಿಗೆ ಒಳಗಿದ್ದವು ಶುರುಮಾಡಿದ ರಾಗಕ್ಕೆ ಪಕ್ಕದಲ್ಲಿ ಕೂತಿದ್ದ ಮಗುವೊಂದು ಕಿವಿ ಮುಚ್ಚಿಕೊಂಡಿತು.

ಕಡಲಿನಿಂದ ಕತ್ತಲಲ್ಲಿ ಬಂದವರಲ್ಲಿ ಮನುಷ್ಯರೂ ಇದ್ದಾರೆ. 1913ರ ಫೆಬ್ರುವರಿ 10ರ ನಸುಕಿನಲ್ಲಿ ಟೆರಾ ನೋವಾ ಹಡಗಿನಿಂದ ಇಬ್ಬರು ಇಲ್ಲಿ ದಡಕ್ಕಿಳಿದರು. ತಾವು ಯಾರೆಂದು ಬಾಯಿ ಬಿಡಲಿಲ್ಲ. ದಕ್ಷಿಣ ಧ್ರುವದಿಂದ ಮರಳುವಾಗ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು ಸತ್ತರೆಂದು ಅವರು ಹೊತ್ತು ತಂದ ಸುದ್ದಿ ಜಗತ್ತಿಗೆ ಹೋದದ್ದು ಈ ಊರಿನ ತಂತಿಯಿಂದ.

ಕ್ರೈಸ್ಟ್‌ಚರ್ಚ್‌ನಿಂದ ಡುನೆಡಿನ್‌ಗೆ ಕಾರಿನಲ್ಲಿ ಹೋಗುವ ನಮ್ಮವರು ಇಲ್ಲಿ ಕಾಫಿ ಕುಡಿದು ಹೊರಟುಬಿಡುತ್ತಾರೆ. ದಯವಿಟ್ಟು ಒಂದು ರಾತ್ರಿ ಉಳಿಯಿರಿ, ದಪ್ಪ ಸ್ವೆಟರ್ ಇರಲಿ. ಪೆಂಗ್ವಿನ್‌ಗಳ ಫೋಟೊ ತೆಗೆಯುವಂತಿಲ್ಲ. ಮೊಬೈಲು ಜೇಬಿನಲ್ಲೇ ಇರಲಿ.