ವಯನಾಡಿನ ಕೊಳಗಳಿಗೆ ಒಂದು ದಿನದ ಪ್ರವಾಸ

ರಜೆ ಬಂತೆಂದರೆ ಮೈಸೂರು, ಚಾಮರಾಜನಗರ ಭಾಗದ ಕುಟುಂಬಗಳಿಗೆ ವಯನಾಡು ನೆನಪಾಗುತ್ತದೆ. ಬಂಡೆಗಳ ನಡುವೆ ತುಂಬಿ ನಿಂತ ತಣ್ಣನೆಯ ಕೊಳದಲ್ಲಿ ಮಿಂದು ರಾತ್ರಿಯೊಳಗೆ ಮನೆ ಸೇರೋಣವೆಂದು ಎರಡು ಮೂರು ಮನೆಯವರು ಸೇರಿ ಟ್ಯಾಕ್ಸಿ ಗೊತ್ತು ಮಾಡುತ್ತಾರೆ. ನಮ್ಮ ಧರ್ಮಕೇಂದ್ರದ ಯುವಜನರೂ ಇಂಥದೇ ಯೋಜನೆ ಹಿಡಿದು ಬಂದಾಗ, ಹಿರಿಯರನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆವು. ಆ ಲೆಕ್ಕ ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಈ ಕೊಳಗಳು ಜ್ವಾಲಾಮುಖಿಯಿಂದ ಆದವೇ ಎಂದು ಮಕ್ಕಳು ಕೇಳುವುದುಂಟು. ಅಲ್ಲ. ಲಾವಾರಸ ಹೆಪ್ಪುಗಟ್ಟಿದ ಶಿಲೆಯನ್ನು ನೋಡಬೇಕಾದರೆ ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಕಂಬಗಳಂತೆ ನಿಂತ ಅಲ್ಲಿನ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ವಯನಾಡಿನದು ಅದಕ್ಕಿಂತ ಎಷ್ಟೋ ಪುರಾತನವಾದ ಗಟ್ಟಿಬಂಡೆ. ಜಲಪಾತ ಬೀಳುವಲ್ಲಿ ನೀರು, ಮರಳು, ಉರುಳುಗಲ್ಲುಗಳು ಸೇರಿ ಯುಗಯುಗಗಳಿಂದ ಕೊರೆದು ಗುಂಡಿ ಮಾಡಿವೆ. ಆದುದರಿಂದಲೇ ತಳ ಸಮವಾಗಿರುವುದಿಲ್ಲ. ಒಂದು ಹೆಜ್ಜೆಗೆ ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ಆಳುದ್ದ. ಈಜು ಬಲ್ಲವರೇ ಇಂಥಲ್ಲಿ ಹೆಚ್ಚು ಮೋಸಹೋಗುತ್ತಾರೆ.

ಇನ್ನು ದಾರಿ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ಸುಲ್ತಾನ್ ಬತ್ತೇರಿಗೆ ಸುಮಾರು 115 ಕಿ.ಮೀ. ಅಲ್ಲಿಂದ ಕಲ್ಪೆಟ್ಟ, ಮೇಪ್ಪಾಡಿ ಮೂಲಕ ಸೂಚಿಪ್ಪಾರ ಜಲಪಾತಕ್ಕೆ ಮತ್ತೆ ಐವತ್ತು ಕಿ.ಮೀ.ನಷ್ಟು. ಈ ಹೆದ್ದಾರಿಯ ಕಾಡಿನ ಭಾಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಎಚ್.ಡಿ. ಕೋಟೆ ಕಡೆಯ ಬಾವಲಿ ದಾರಿಯಲ್ಲಂತೂ ಸಂಜೆ 6ಕ್ಕೇ ಗೇಟು ಹಾಕುತ್ತಾರೆ. ಆನೆ, ಜಿಂಕೆ, ಹುಲಿಗಳು ನೆಮ್ಮದಿಯಾಗಿ ರಸ್ತೆ ದಾಟಲೆಂದು ಮಾಡಿದ ನಿಯಮವಿದು. ಗೇಟು ಮುಚ್ಚೀತೆಂದು ಕೊನೆಯ ಗಳಿಗೆಯಲ್ಲಿ ಗಾಡಿ ಓಡಿಸಿದರೆ ಪ್ರಾಣಿಗಳಿಗೂ ನಮಗೂ ಅಪಾಯ.

ಆದ್ದರಿಂದ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಬೇಕು. ಬೆಳಿಗ್ಗೆ ಐದಕ್ಕೆ ಮೈಸೂರು ಬಿಟ್ಟರೆ ಗೇಟು ತೆರೆದ ಮೇಲೆ ಕಾಡು ಸೇರಬಹುದು. ಬತ್ತೇರಿಯಲ್ಲಿ ತಿಂಡಿ ಮುಗಿಸಿ ಮುಂದೆ ಹೋಗುವಷ್ಟರಲ್ಲಿ ಹತ್ತೂವರೆ. ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಹೊರಡಲೇಬೇಕು. ಅಂದರೆ ನೀರಿನ ಬಳಿ, ಊಟವೂ ಸೇರಿ, ಸಿಗುವುದು ನಾಲ್ಕೂವರೆ ಗಂಟೆ. ಆದರೆ ಯುವಕರ ಪಟ್ಟಿಯಲ್ಲಿ ಸೂಚಿಪ್ಪಾರ, ಮೀನ್‌ಮುಟ್ಟಿ, ಎಡಕಲ್ಲು ಗುಹೆ, ಪೂಕೋಡು ಕೆರೆ, ಕುರುವ ದ್ವೀಪ, ಬಾಣಾಸುರ ಸಾಗರ ಹೀಗೆ ಆರು ಹೆಸರುಗಳಿದ್ದವು! ಆಗ ಅಜ್ಜಿಯೊಬ್ಬರು, "ಫಾದರ್, ಆರು ಕಡೆ ಇಳಿದು ಹತ್ತೋ ಬದಲು ಒಂದೆರಡು ಕಡೆ ಕೂತು ನೋಡೋಣ" ಎಂದರು. ಪಟ್ಟಿಗೆ ಅದಕ್ಕಿಂತ ಒಳ್ಳೆಯ ತಿದ್ದುಪಡಿ ಬೇರೆ ಬೇಕಿರಲಿಲ್ಲ.

ಟ್ಯಾಕ್ಸಿಯವರೊಡನೆ ಮೊದಲೇ ಎಲ್ಲ ಮಾತಾಡಿಕೊಳ್ಳುವುದು ಒಳ್ಳೆಯದು: ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಡ್ರೈವರ್ ಬಾಟಾ ಎಷ್ಟು, ಕೇರಳದ ಪರ್ಮಿಟ್ಟು ಯಾರ ಲೆಕ್ಕಕ್ಕೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು. ಹಿಂದಿನ ರಾತ್ರಿ ಆ ಡ್ರೈವರಿಗೆ ನಿದ್ದೆ ಇದೆಯೇ? ಹದಿನೈದು ಗಂಟೆ ನಮ್ಮ ಮಕ್ಕಳ ಜೀವ ಅವರ ಕೈಯಲ್ಲಿರುತ್ತದೆ. ಊಟಕ್ಕೆ ಕೂತಾಗ ಅವರನ್ನೂ ನಮ್ಮ ಜೊತೆಗೇ ಕೂರಿಸಿಕೊಳ್ಳೋಣ.

ಕೊನೆಗೆ ಎಲ್ಲರನ್ನೂ ಮೌನವಾಗಿಸಿದ ವಿಷಯಕ್ಕೆ ಬರುತ್ತೇವೆ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿದು, ಮಲಗಿದ್ದವರು ಮಲಗಿದ್ದಂತೆಯೇ ಕೊಚ್ಚಿಹೋದರು. ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ಕರ್ನಾಟಕದಿಂದ ದುಡಿಯಲು ಹೋದವರೂ ಅವರಲ್ಲಿದ್ದರು. ಆ ಹೊಳೆಯೇ ಮುಂದೆ ಸೂಚಿಪ್ಪಾರದಲ್ಲಿ ಧುಮುಕಿ ಚಾಲಿಯಾರ್ ನದಿ ಸೇರುತ್ತದೆ. ಎಷ್ಟೋ ದೇಹಗಳು ಕಿಲೋಮೀಟರುಗಟ್ಟಲೆ ಕೆಳಗೆ ನಿಲಂಬೂರಿನ ಕಡೆ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಸರ್ವಧರ್ಮ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಅನೇಕ ಸಮಾಧಿಗಳ ಮೇಲೆ ಹೆಸರಿನ ಬದಲು ಸಂಖ್ಯೆಯನ್ನೇ ಬರೆಯಬೇಕಾಯಿತು. ಪುತ್ತುಮಲ ಕೂಡ 2019ರ ಆಗಸ್ಟ್ 8ರಂದು ಇಂಥದೇ ಕುಸಿತದಲ್ಲಿ ನೊಂದ ಊರು.

ಹಾಗಾದರೆ ಅಲ್ಲಿಗೆ ಹೋಗಲೇಬಾರದೇ? ಹೋಗೋಣ. ಚಹಾ ಅಂಗಡಿ, ಜೀಪು, ಸಣ್ಣ ಹೋಟೆಲುಗಳಿಂದ ಬದುಕುವ ಜನರಿಗೆ ನಾವು ಹೋಗದಿದ್ದರೆ ಇನ್ನೊಂದು ಪೆಟ್ಟು. ಆದರೆ ಹೋಗುವ ರೀತಿ ಬೇರೆಯಾಗಿರಲಿ. ಮಳೆಗಾಲ ಬೇಡ. ಹೊರಡುವ ಮುನ್ನ ಆ ಸ್ಥಳ ತೆರೆದಿದೆಯೇ ಎಂದು ವಿಚಾರಿಸಿ, ಕಾವಲಿನವರು ಇಳಿಯಬೇಡಿ ಎಂದರೆ ಇಳಿಯಬೇಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ಮೇಲೆ ಮಳೆ ಸುರಿಯುತ್ತಿರಬಹುದು. ತಿಳಿನೀರು ಕೆಂಪಾದರೆ, ಎಲೆ, ಕಡ್ಡಿ ತೇಲಿಬಂದರೆ, ಹೊಳೆಯ ಸದ್ದು ಏರಿದರೆ ಚೀಲ, ಚಪ್ಪಲಿ ನೋಡದೆ ಮಕ್ಕಳನ್ನು ಎತ್ತಿಕೊಂಡು ಮೇಲಕ್ಕೆ ಬನ್ನಿ.

ನಮ್ಮ ಯುವಜನರು ಈಗ ಆರರಲ್ಲಿ ನಾಲ್ಕನ್ನು ಹೊಡೆದು ಹಾಕಿದ್ದಾರೆ. ಉಳಿದವು ಸೂಚಿಪ್ಪಾರ ಮತ್ತು ಪೂಕೋಡು. ಅದೂ ಹೊತ್ತು ಮೀರಿದರೆ ಪೂಕೋಡು ಬಿಡುವುದೆಂದು ತೀರ್ಮಾನ. ಜೊತೆಗೆ ಪುತ್ತುಮಲದಲ್ಲಿ ಹತ್ತು ನಿಮಿಷದ ಮೌನ ಪ್ರಾರ್ಥನೆಯನ್ನು ತಾವಾಗಿಯೇ ಸೇರಿಸಿದ್ದಾರೆ.

ವಯನಾಡಿನ ನೀರು ನಮಗೆ ಪರದೇಶದ್ದಲ್ಲ. ಪೂಕೋಡು ಕೆರೆಯಿಂದ ಹೊರಟ ತೊರೆ ಪನಮರಂ ಹೊಳೆಯಾಗಿ, ಕಬಿನಿಯಾಗಿ, ನಂಜನಗೂಡಿನ ಪಕ್ಕದಲ್ಲೇ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಗದ್ದೆಗೆ, ನಮ್ಮ ಕೊಡಕ್ಕೆ ಬರುವ ನೀರು ಅದು. ಅಲ್ಲಿ ನಾವು ಎಸೆದ ಪ್ಲಾಸ್ಟಿಕ್ಕೂ ಅದೇ ದಾರಿಯಲ್ಲಿ ಬರುತ್ತದೆ. ಆ ಕೆರೆಯ ದಂಡೆಯಲ್ಲಿ ಕೂತು ಇದನ್ನು ಮಕ್ಕಳಿಗೆ ತೋರಿಸಿ, ಹೇಳಿ. ಪ್ರವಾಸದ ಖರ್ಚಿಗೆ ಅಷ್ಟು ಫಲ ಸಾಕು.