ಸಾಮಾನಿನ ಪಟ್ಟಿ

ಪೇಟೆಯಿಂದ ಮನೆಗೆ ಬರುವ ವಸ್ತುವೆಲ್ಲ ಉಪಯೋಗಕ್ಕಾಗಿಯೇ ಬಂದುದೆಂದು ಮೇಲುನೋಟಕ್ಕೆ ತೋರುತ್ತದೆ. ಕೊಡೆಯು ಮಳೆಗೆ, ಕಂಬಳಿಯು ಚಳಿಗೆ, ಕಾಫಿಯು ಬೆಳಗಿನ ಜಡವನ್ನು ಕಳೆಯುವುದಕ್ಕೆ. ಆದರೆ ಕೊಳ್ಳುವವನ ಮನಸ್ಸು ಅಷ್ಟು ಸರಳವಾದುದಲ್ಲ. “ಇದು ನನಗೆ ಬೇಕೆ?” ಎಂದು ಕೇಳಿಕೊಳ್ಳುವುದಕ್ಕೆ ಮೊದಲೇ, “ಇದು ನನ್ನಂಥವನು ಕೊಳ್ಳತಕ್ಕ ವಸ್ತುವೆ?” ಎಂದು ಅದು ಒಳಗೊಳಗೇ ವಿಚಾರಿಸಿಕೊಂಡಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಿಲಿಯಂ ಜೇಮ್ಸ್ ಎಂಬವರು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನ ‘ತಾನು’ ಎಂಬುದು ದೇಹ ಮನಸ್ಸುಗಳಲ್ಲಿಯೇ ನಿಲ್ಲದೆ, ಅವನ ಉಡುಪು, ಮನೆ, ಮಡದಿಮಕ್ಕಳು, ಕೀರ್ತಿ ಇವುಗಳವರೆಗೂ ಹಬ್ಬಿರುವುದೆಂದು ವಿವರಿಸಿದರು.

ನಿವೃತ್ತರಾದ ಮೇಷ್ಟರೊಬ್ಬರು ಇದನ್ನು ಓದಿದುದು ಪುಸ್ತಕದಲ್ಲಿ; ತಿಳಿದುಕೊಂಡುದು ಅಡುಗೆಯ ಮನೆಯಲ್ಲಿ. ಕಾಫಿಯ ವಿಷಯದಲ್ಲಿ ಅವರದು ಕಟ್ಟುನಿಟ್ಟಾದ ಸಂಪ್ರದಾಯ. ಬೀಜವನ್ನು ಕಣ್ಣೆದುರಿಗೇ ಹುರಿಸಿ ಪುಡಿ ಮಾಡಿಸಬೇಕು. ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯಬೇಕು. ಬಿಸಿನೀರಿನಲ್ಲಿ ಕಲಕಿದೊಡನೆ ಕರಗುವ ಇನ್‌ಸ್ಟಂಟ್ ಕಾಫಿಯ ಮಾತು ಬಂದರೆ, “ಅದಕ್ಕೆ ರುಚಿಯೆಲ್ಲಿ?” ಎಂಬ ಒಂದೇ ಪ್ರಶ್ನೆಯಿಂದ ವಾದವನ್ನು ಮುಗಿಸಿಬಿಡುವರು.

ದೀಪಾವಳಿಗೆ ಕೆಲವು ದಿನ ಮುಂಚೆ ಅವರು ಮೆಂತ್ಯವನ್ನು ಹುಡುಕುತ್ತಿರಲು, ಬೇಳೆಯ ಡಬ್ಬಿಗಳ ಹಿಂದೆ ಆ ಕಾಫಿಯದೇ ಒಂದು ಸೀಸೆ ಸಿಕ್ಕಿತು, ಅರ್ಧ ಬರಿದಾಗಿತ್ತು.

“ಇದು ಯಾರಿಗೆ?”

“ನಿಮಗೂ ಅದೇ. ಯುಗಾದಿಯಿಂದ ಮಧ್ಯಾಹ್ನದ ಕಾಫಿ ಅದರದು,” ಎಂದರು ಪತ್ನಿ. “ಈ ಮೊಣಕಾಲನ್ನು ಇಟ್ಟುಕೊಂಡು ದಿನಕ್ಕೆ ಎರಡು ಸಲ ಒಲೆಯ ಮುಂದೆ ನಿಂತು ಡಿಕಾಕ್ಷನ್ ಇಳಿಸಲಾರೆ.”

“ಹಾಗಾದರೆ ಬಚ್ಚಿಟ್ಟುದೇಕೆ?”

“ನಿಮ್ಮ ಅಕ್ಕ ಬಂದು ನೋಡಿದರೆ ಮೈಗಳ್ಳಿ ಎಂದುಕೊಳ್ಳರೆ?”

ಏಳು ತಿಂಗಳು ಮೆಚ್ಚಿ ಕುಡಿದ ಕಾಫಿಯ ರುಚಿಯನ್ನು ಹಳಿಯುವ ಹಕ್ಕು ಮೇಷ್ಟರಿಗೆ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರ ಮನಸ್ಸನ್ನು ಹಿಡಿದುದು ‘ಮೈಗಳ್ಳಿ’ ಎಂಬ ಮಾತು. ಏಕೆಂದರೆ ದೂರದ ಅಮೆರಿಕದಲ್ಲಿಯೂ ಈ ಪದಾರ್ಥಕ್ಕೆ ಅಂಟಿಕೊಂಡಿದ್ದುದು ಇದೇ ಅಪವಾದವೆಂಬುದನ್ನು ಅವರು ಓದಿದ್ದರು.

ನೆಸ್‌ಕೆಫೆಯನ್ನು ಒಲ್ಲೆವೆಂದ ಅಲ್ಲಿಯ ಗೃಹಿಣಿಯರು ನೇರವಾಗಿ ಕೇಳಿದಾಗ ಕೊಟ್ಟ ಕಾರಣವೂ ರುಚಿಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೇಸನ್ ಹೇರ್ ಎಂಬ ವಿದ್ವಾಂಸರು ಈ ಉತ್ತರವನ್ನು ನಂಬದೆ ಒಂದು ಪರೀಕ್ಷೆಯನ್ನು ನಡೆಸಿ 1950ರಲ್ಲಿ ಅದನ್ನು ಪ್ರಕಟಿಸಿದರು. ಅವರು 7 ಪದಾರ್ಥಗಳ ಎರಡು ಸಾಮಾನಿನ ಪಟ್ಟಿಗಳನ್ನು ಸಿದ್ಧಪಡಿಸಿದರು. ಮಾಂಸ, ಬ್ರೆಡ್ಡು, ಗಜ್ಜರಿ, ಆಲೂಗಡ್ಡೆ ಮೊದಲಾದುವೆಲ್ಲ ಎರಡರಲ್ಲಿಯೂ ಒಂದೇ. ಒಂದರಲ್ಲಿ ನೆಸ್‌ಕೆಫೆ, ಇನ್ನೊಂದರಲ್ಲಿ ಸೋಸಿ ಇಳಿಸತಕ್ಕ ಮ್ಯಾಕ್ಸ್‌ವೆಲ್ ಹೌಸ್ ಪುಡಿ, ಇಷ್ಟೇ ಭೇದ. ಒಂದೊಂದು ಪಟ್ಟಿಯನ್ನು 50 ಮಂದಿ ಸ್ತ್ರೀಯರಿಗೆ ತೋರಿಸಿ, ಇದನ್ನು ಬರೆದವಳು ಎಂಥವಳೆಂದು ಕೇಳಿದರು. ನೆಸ್‌ಕೆಫೆಯ ಪಟ್ಟಿಯನ್ನು ನೋಡಿದವರಲ್ಲಿ ನೂರಕ್ಕೆ 48ರಷ್ಟು ಮಂದಿ ಆ ಅಪರಿಚಿತಳನ್ನು ಸೋಮಾರಿಯೆಂದರು. ಇನ್ನೊಂದು ತಂಡದಲ್ಲಿ ಹಾಗೆಂದವರು ನೂರಕ್ಕೆ 4 ಮಾತ್ರ. ಸಂಸಾರದ ಖರೀದಿಯನ್ನು ಮುಂದಾಲೋಚನೆಯಿಂದ ಮಾಡದವಳೆಂದವರು ಕ್ರಮವಾಗಿ 48 ಮತ್ತು 12. ಬೇರೆ ಕೆಲವರ ಉಗ್ರಾಣವನ್ನೇ ನೋಡಲಾಗಿ, ಅಂಥ ಕಾಫಿಯನ್ನು ಇಟ್ಟುಕೊಂಡವರು ಪಟ್ಟಿಯವಳ ವಿಷಯದಲ್ಲಿ ಉದಾರವಾಗಿ ಮಾತನಾಡಿದುದು ಕಂಡುಬಂದಿತು. ಬೇಡವಾಗಿದ್ದುದು ಕಾಫಿಯಲ್ಲ, ಅದನ್ನು ಕೊಂಡವಳೆನಿಸಿಕೊಳ್ಳುವುದು. ಬೇರಿಬ್ಬರು ವಿದ್ವಾಂಸರು ಇದೇ ಪರೀಕ್ಷೆಯನ್ನು ಮತ್ತೆ ನಡೆಸಿ 1970ರಲ್ಲಿ ಪ್ರಕಟಿಸುವ ವೇಳೆಗೆ ಸೋಮಾರಿತನದ ಆ ಅಪವಾದವು ಅಳಿದಿತ್ತು. ‘ಒಳ್ಳೆಯ ಗೃಹಿಣಿ’ ಎಂಬ ಚಿತ್ರವೇ ಅಷ್ಟರಲ್ಲಿ ಬದಲಾಗಿದ್ದಿರಬೇಕು.

ಇದೆಲ್ಲ ಬರಿಯ ಒಣ ಪ್ರತಿಷ್ಠೆಯೆಂದು ನಕ್ಕುಬಿಡಲೂ ಮೇಷ್ಟರಿಗೆ ಮನಸ್ಸು ಬರಲಿಲ್ಲ. ಅವರ ತಂದೆಯವರು 1930ರ ಸತ್ಯಾಗ್ರಹದ ಕಾಲದಲ್ಲಿ ಉಟ್ಟ ಖಾದಿಯನ್ನು ಕಡೆಯವರೆಗೂ ಬಿಟ್ಟವರಲ್ಲ. ಗಿರಣಿಯ ಬಟ್ಟೆ ನಯವಾಗಿಯೂ ಅಗ್ಗವಾಗಿಯೂ ಸಿಕ್ಕುತ್ತಿದ್ದಾಗ ಒರಟು ಖಾದಿಯನ್ನು ಆರಿಸಿಕೊಂಡುದು ಉಪಯೋಗದ ಲೆಕ್ಕಾಚಾರದಿಂದಲ್ಲ. ತಾನು ಎಂಥವನಾಗಿರಬೇಕೆಂಬ ನಿಶ್ಚಯದಿಂದ. ಆ ನಿಶ್ಚಯವನ್ನು ಸಣ್ಣದೆನ್ನಲಾಗದು. ಆದರೆ ನೆನೆದ ಮೇಲೆ ಕಲ್ಲಿನಂತೆ ಭಾರವಾಗುತ್ತಿದ್ದ ಆ ಪಂಚೆಗಳನ್ನು ಬಾವಿಕಟ್ಟೆಯಲ್ಲಿ ಒಗೆದು ಹಿಂಡುತ್ತಿದ್ದವರು ತಾಯಿ. ಇಷ್ಟು ವರ್ಷಗಳಲ್ಲಿ ಆ ಚಿತ್ರವು ಮೇಷ್ಟರ ಮನಸ್ಸಿಗೆ ಬಂದುದು ಅಂದೇ ಮೊದಲು.

ತನ್ನನ್ನು ತಾನು ಇಂಥವನೆಂದು ಎಣಿಸಿಕೊಂಡು ಅದಕ್ಕೆ ತಕ್ಕ ವಸ್ತುವನ್ನು ಕೊಳ್ಳುವುದು ಮನುಷ್ಯಸಹಜ. ಅಂಗಡಿಯವನಿಗೆ ಕೊಟ್ಟ ಹಣದಿಂದ ಅದರ ಬೆಲೆಯೆಲ್ಲ ತೀರಿತೆ, ಉಳಿದುದನ್ನು ಯಾರ ಕೈಕಾಲುಗಳು ತೀರಿಸುತ್ತಿವೆ ಎಂಬುದನ್ನು ಮಾತ್ರ ವಿಚಾರಿಸುವವರು ಅಪರೂಪ. ಫಿಲ್ಟರ್ ಕಾಫಿಯ ರಸಿಕರೆಂಬ ಹೆಸರು ಮೇಷ್ಟರದು; ನೋವು ಪತ್ನಿಯ ಮೊಣಕಾಲಿನದು.

ಸೀಸೆಯು ಮುಂದಿನ ಸಾಲಿಗೆ ಬಂದಿತು. ದೀಪಾವಳಿಯ ದಿನ ಬೀದಿಯ ಬಾಗಿಲಲ್ಲಿ ಅಕ್ಕನ ಧ್ವನಿ ಕೇಳಿದೊಡನೆ ಮೇಷ್ಟರ ಕೈ ತನಗೆ ತಾನೇ ಅದನ್ನು ಹಿಂದಕ್ಕೆ ಸರಿಸಲು ಹೋಯಿತು. ಪತ್ನಿ ನೋಡಿ ನಕ್ಕರು. ಕೈ ಹಿಂದಕ್ಕೆ ಬಂದಿತು. ಮರುತಿಂಗಳ ಸಾಮಾನಿನ ಪಟ್ಟಿಯನ್ನು ಮೇಷ್ಟರೇ ಬರೆದರು. ಕಾಫಿಬೀಜದ ಕೆಳಗೆ ಇನ್‌ಸ್ಟಂಟ್ ಕಾಫಿ ಎಂದು ತಮ್ಮ ದುಂಡಾದ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆದು, ಅಂಗಡಿಗೆ ತಾವೇ ಹೊರಟರು.